ಮೂಳೆ ಪೆಟ್ಟಿಗೆಯೂ ಟಿ.ಎ. ಬಿಲ್ಲೂ

ಈ ಸಂಗತಿ ಹೇಳಿದಾಗಲೆಲ್ಲ ಜನ ನಗುತ್ತಾರೆ. ನಾನೂ ನಗುತ್ತೇನೆ. ಶಿಬಿರಗಳಲ್ಲಿ ರಾತ್ರಿ ಊಟ ಆದ ಮೇಲೆ ಹುಡುಗರು ‘ಮೇಷ್ಟ್ರೇ, ಆ ಮೂಳೆ ಪೆಟ್ಟಿಗೆ ಕತೆ ಹೇಳಿ’ ಅಂತ ಪೀಡಿಸುತ್ತಿದ್ದರು. ಹೇಳುತ್ತಿದ್ದೆ. ಆದರೆ ಒಂದು ಜಾಗ ಬಂದಾಗ ಅದನ್ನು ಹಾರಿಸಿ ಮುಂದಕ್ಕೆ ಹೋಗಿಬಿಡುತ್ತಿದ್ದೆ. ರೈಲು ಅರಸೀಕೆರೆ ಸ್ಟೇಷನ್ನಿನಲ್ಲಿ ನಿಂತಿದ್ದಾಗಿನ ಒಂದಿಷ್ಟು ನಿಮಿಷ. ಈಗ ರಿಟೈರಾಗಿ ಮನೇಲಿ ಕೂತಿದ್ದೇನೆ. ಮುಚ್ಚಿಟ್ಟುಕೊಂಡು ಏನಾಗಬೇಕು? ಇಲ್ಲಿ ಅದನ್ನೂ ಬರೆಯುತ್ತೇನೆ.

1982ನೇ ಇಸವಿ, ಮಾಗಿ ಚಳಿ. ನಾನು ಆಗ ಗಂಡಸಿ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡದ ಮೇಷ್ಟ್ರು. ಸರ್ವೀಸಿಗೆ ಸೇರಿ ಎರಡು ವರ್ಷ ಆಗಿತ್ತು. ವಿಜ್ಞಾನದ ಕೊಠಡಿಗೆ ಅಂತ ಸ್ವಲ್ಪ ದುಡ್ಡು ಮಂಜೂರಾಗಿ ಬಂತು. ಮಾರ್ಚಿ ತಿಂಗಳ ಒಳಗೆ ಖರ್ಚು ಮಾಡದಿದ್ದರೆ ವಾಪಸು ಹೋಗುತ್ತದೆ. ಹೆಡ್‌ಮಾಸ್ಟರು ಪಟ್ಟಿ ಮಾಡಿದರು: ಪ್ರನಾಳ, ಸ್ಪಿರಿಟ್ ದೀಪ, ಸೂಕ್ಷ್ಮದರ್ಶಕ, ಕೊನೆಗೆ ಒಂದು ಮನುಷ್ಯನ ಅಸ್ಥಿಪಂಜರ. ಉಳಿದ ಸಾಮಾನು ಹಾಸನದಲ್ಲೇ ಸಿಕ್ಕವು. ಅಸ್ಥಿಪಂಜರಕ್ಕೆ ಬೆಂಗಳೂರಿಗೇ ಹೋಗಬೇಕು.

ಯಾರು ಹೋಗೋದು? ಸ್ಟಾಫ್ ರೂಮು ತಣ್ಣಗಾಯಿತು. ಮನುಷ್ಯನ ಮೈಯಲ್ಲಿ 206 ಮೂಳೆ ಅಂತ ಬಾಯಿಪಾಠ ಮಾಡಿಸುತ್ತಿದ್ದ ವಿಜ್ಞಾನದ ಮೇಷ್ಟ್ರೇ ಮೊದಲು ಎದ್ದರು. ಅವರ ಹೆಂಡತಿಗೆ ಏಳು ತಿಂಗಳು, ಹೆಣದ ಸಾಮಾನು ಮುಟ್ಟೋ ಹಾಗಿಲ್ಲ. ಇನ್ನೊಬ್ಬರ ಮನೆಯಲ್ಲಿ ವ್ರತ. ಮತ್ತೊಬ್ಬರ ತಾಯಿಗೆ ಮಡಿ. ಡ್ರಿಲ್ ಮೇಷ್ಟ್ರಿಗೆ ಸೊಂಟನೋವು. ಎಲ್ಲರ ಕಾರಣವೂ ಮುಗಿದ ಮೇಲೆ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ ಬಹಳ ಪ್ರೀತಿಯಿಂದಲೇ ಅಂದರು: ‘ನೀವ್ ಹೋಗ್ಬನ್ರಿ. ನಿಮಗೇನು, ಅಭ್ಯಾಸ ಇರುತ್ತಲ್ಲ.’

ಅವರು ಕೆಟ್ಟವರಲ್ಲ. ನನಗೆ ಅವಮಾನ ಮಾಡಬೇಕು ಅಂತ ಅಂದದ್ದೂ ಅಲ್ಲ. ನಿಜ ಹೇಳಬೇಕು ಅಂದರೆ ಅಭ್ಯಾಸ ಇತ್ತು. ನಮ್ಮಪ್ಪ ಊರ ಚಾಕರಿ ಮಾಡುತ್ತಿದ್ದವನು. ಊರೊಳಗೆ ಯಾರು ಸತ್ತರೂ ನೆಂಟರ ಊರುಗಳಿಗೆ ನಡೆದು ಸಾವು ಹೇಳಿ ಬರಬೇಕು. ಹಾರನಹಳ್ಳಿ, ದುದ್ದ, ಒಂದೊಂದು ಸಲ ಬಾಣಾವರದವರೆಗೆ. ಬಂದು ಗುಂಡಿ ತೆಗೆಯಬೇಕು. ತಮಟೆ ಬಡಿಯಬೇಕು. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತರೆ ಒಂದೆರಡು ಮೊರ ರಾಗಿ. 1961ರಲ್ಲೇ ಗ್ರಾಮ ಹುದ್ದೆಗಳನ್ನು ರದ್ದು ಮಾಡೋ ಕಾನೂನು ಆಯ್ತು. ತೋಟಿ, ತಳವಾರ, ನೀರುಗಂಟಿ ಎಲ್ಲ ಕಾಗದದ ಮೇಲೆ ಹೋದವು. 1975ರಲ್ಲಿ ಜೀತದ ವಿರುದ್ಧ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆಯೇ ಬಂತು. ಅಪ್ಪ ಮಾತ್ರ ಸಾವು ಹೇಳಕ್ಕೆ ಹೋಗುತ್ತಲೇ ಇದ್ದ. ನಾನು ಬಿ.ಎಡ್. ಮುಗಿಸಿ ಮೊದಲನೇ ಸಂಬಳ ತಂದ ದಿನವೂ ಅವನು ಮನೇಲಿರಲಿಲ್ಲ, ಗುಂಡಿ ತೆಗೆಯಕ್ಕೆ ಹೋಗಿದ್ದ.

ಆದ್ದರಿಂದ ಹೆಡ್‌ಮಾಸ್ಟರ ಮಾತಿಗೆ ನಾನು ಏನೂ ಅನ್ನಲಿಲ್ಲ. ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿದೆ. ಅಪ್ಪನಿಗೆ ರಾಗಿ. ನನಗೆ ಸರ್ಕಾರದ ಟಿ.ಎ., ಡಿ.ಎ. ಇಷ್ಟಾದರೂ ಮುಂದಕ್ಕೆ ಬಂದಿದ್ದೇವಲ್ಲ ಅಂದುಕೊಂಡು ಹೊರಟೆ.

ಬೆಂಗಳೂರಿನ ಅಂಗಡಿ ಒಂದು ಸಂದಿಯೊಳಗಿತ್ತು. ಅಂಗಡಿಯವನು ಎರಡು ಥರ ಇದೆ ಅಂದ. ಪ್ಲಾಸ್ಟಿಕ್ಕಿನದು ಫಾರಿನ್ನಿಂದ ತರಿಸಬೇಕು, ದುಬಾರಿ. ಅಸಲಿ ಮನುಷ್ಯಂದು ಅಗ್ಗ, ಇವತ್ತೇ ತಗೊಂಡು ಹೋಗಬಹುದು. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹೌದು, ಅಸಲಿಯೇ ಅಗ್ಗ. ಆ ಕಾಲಕ್ಕೆ ಇಡೀ ಪ್ರಪಂಚಕ್ಕೆ ಮನುಷ್ಯರ ಎಲುಬು ಕಳಿಸುತ್ತಿದ್ದದ್ದು ನಮ್ಮ ದೇಶವೇ. ಕಲ್ಕತ್ತಾದಿಂದ ಯುರೋಪು ಅಮೆರಿಕದ ವೈದ್ಯಕೀಯ ಕಾಲೇಜುಗಳಿಗೆ ಹೋಗುತ್ತಿದ್ದವು. ವಾರಸುದಾರರಿಲ್ಲದ ಹೆಣಗಳು, ಅವನ್ನು ತೊಳೆದು ಬೇಯಿಸಿ ಒಣಗಿಸುತ್ತಿದ್ದವರು ಅಲ್ಲಿನ ಡೋಮರು, ಅಂದರೆ ಹೆಣದ ಕೆಲಸಕ್ಕೇ ಹುಟ್ಟಿದವರು ಅಂತ ಊರು ತೀರ್ಮಾನ ಮಾಡಿರೋ ಜನ. 1985ರಲ್ಲಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅವತ್ತು ತಿಳಿದದ್ದು, ನಮ್ಮ ದೇಶದಲ್ಲಿ ಮನುಷ್ಯನಿಗಿಂತ ಪ್ಲಾಸ್ಟಿಕ್ಕಿಗೆ ಬೆಲೆ ಜಾಸ್ತಿ ಅನ್ನೋದು ಮಾತ್ರ.

ಮೂಳೆಗಳನ್ನು ತಂತಿಯಲ್ಲಿ ಪೋಣಿಸಿದ್ದರು. ಮಂಡಿ ಮಡಿಸಿ, ಸೊಂಟ ಬಗ್ಗಿಸಿ, ತಲೆಬುರುಡೆ ಬೇರೆ ಮಾಡಿ ಹತ್ತಿ ಸುತ್ತಿ, ಸುತ್ತಲೂ ಒಣಹುಲ್ಲು ತುಂಬಿ ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದರು. ಬಸುರಿ ಹೊಟ್ಟೆಯಲ್ಲಿ ಕೂಸು ಮಲಗಿದ ಹಾಗೆ ಕಂಡಿತು. ಬಿಲ್ಲಿನಲ್ಲಿ ಬರೆದರು: ಹ್ಯೂಮನ್ ಸ್ಕೆಲಿಟನ್, ಗಂಡು, ಒಂದು. ‘ಬ್ರೇಕ್‌ವ್ಯಾನಿಗೆ ಹಾಕ್ಬೇಡಿ ಸಾರ್, ಎತ್ತಿ ಎಸೀತಾರೆ, ಪುಡಿಯಾಗುತ್ತೆ. ನಿಮ್ ಜೊತೇಲೇ ಇಟ್ಕೊಳಿ’ ಅಂದ ಅಂಗಡಿ ಹುಡುಗ. ಆ ಮಾತು ಕೇಳಿ ಲಗೇಜು ಬುಕ್ ಮಾಡಿಸದೆ ಹೋದದ್ದು ನನ್ನ ತಪ್ಪು. ಅದಕ್ಕೆ ಯಾರನ್ನೂ ದೂರುವುದಿಲ್ಲ.

ಹುಬ್ಬಳ್ಳಿ ಕಡೆ ಹೋಗುವ ರಾತ್ರಿ ಗಾಡಿ. ಆಗಿನ್ನೂ ಮೀಟರ್ ಗೇಜು, ಕಿರಿದಾದ ಡಬ್ಬಿಗಳು. 1974ರಲ್ಲಿ ಮೂರನೇ ದರ್ಜೆ ಅನ್ನೋದನ್ನು ತೆಗೆದು ಎರಡನೇ ದರ್ಜೆ ಅಂತ ಬರೆಸಿದ್ದರು. ಬೆಂಚು ಅದೇ, ತಿಗಣೆ ಅದೇ. ಬಡ್ತಿ ಸಿಕ್ಕಿದ್ದು ಬೋರ್ಡಿಗೆ. ಪೆಟ್ಟಿಗೆಯನ್ನು ಎರಡು ಬೆಂಚುಗಳ ಸಂದಿಯಲ್ಲಿ, ಕಿಟಕಿ ಕೆಳಗೆ ಒರಗಿಸಿಟ್ಟು ಪಕ್ಕದಲ್ಲಿ ಕೂತೆ.

ಎದುರಿಗೆ ದಾವಣಗೆರೆಗೆ ಹೊರಟ ಗಂಡ ಹೆಂಡತಿ ಬಂದು ಕೂತರು. ಆತನಿಗೆ ಐವತ್ತೈದು ಇರಬಹುದು. ನನ್ನ ಪಕ್ಕದಲ್ಲಿ ಜಾಗ ಇತ್ತು, ಹೆಂಡತಿಗೆ ಕಾಲು ಚಾಚಲಿ ಅಂತ ಆತ ಈ ಕಡೆಗೆ ಬಂದರು. ಮಾತಿಗೆ ಹಾಕಿದರು. ರೈಲಿನ ಮಾತು ಹೇಗೆ ಶುರುವಾಗುತ್ತೆ, ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದು ನಮ್ಮಂಥವರಿಗೆ ಹೇಳಿಕೊಡಬೇಕಾಗಿಲ್ಲ.

‘ಎಲ್ಲಿಗೆ ಹೊರಟ್ರಿ?’

‘ಅರಸೀಕೆರೇಲಿ ಇಳೀತೀನಿ ಸಾರ್. ಗಂಡಸಿ ಕಡೆಯೋನು.’

‘ಗಂಡಸಿ! ಗಂಡಸರ ಊರೋ?’ ಅಂತ ಅವರೇ ನಕ್ಕರು. ಈ ನಗೆಚಾಟಿಕೆ ಕೇಳಿ ಕೇಳಿ ನಮ್ಮೂರಿನ ಕಡೆಯವರಿಗೆ ಕಿವಿ ತೂತಾಗಿದೆ. ನಾನೂ ನಕ್ಕೆ. ಹ್ಯಾಂಡ್‌ಪೋಸ್ಟ್ ಗೊತ್ತು, ಬಸ್ಸಿನಲ್ಲಿ ಹೋಗಿದ್ದೀನಿ ಅಂದರು. ಕೂಡುರಸ್ತೆಯಲ್ಲಿ ದಾರಿ ತೋರಿಸೋ ಕಂಬಕ್ಕೆ ಕರಾವಳಿಯವರು ಕೈಕಂಬ ಅಂತಾರೆ, ನಮ್ಮ ಹಳೇ ಮೈಸೂರಿನವರಿಗೆ ಬ್ರಿಟಿಷರ ಹ್ಯಾಂಡ್‌ಪೋಸ್ಟೇ ಸಲೀಸು.

‘ಏನ್ ಕೆಲಸ?’

‘ಮೇಷ್ಟ್ರು.’

‘ಭೇಷ್. ತಂದೆಯವರು?’

‘ಊರಲ್ಲೇ.’

‘ಜಮೀನು?’

‘ಇಲ್ಲ ಸಾರ್.’

‘ಮನೆ ಊರೊಳಗೋ, ಆಚೆಗೋ?’

ಇದು ಕೊನೇ ಗೇಟು. ಇಲ್ಲಿಯವರೆಗೂ ಬಂದವರು ಇದನ್ನು ದಾಟಿಯೇ ತೀರುತ್ತಾರೆ. ಹಿಂದೆ ಒಂದು ಸಲ, ನಾನು ಪಿ.ಯು.ಸಿ. ಓದುವಾಗ, ಇದೇ ಪ್ರಶ್ನೆಗೆ ಗೌಡರ ಹುಡುಗ ಅಂತ ಸುಳ್ಳು ಹೇಳಿ ಅವರು ಕೊಟ್ಟ ಕೋಡುಬಳೆ ತಿಂದಿದ್ದೆ. ಆ ಕೋಡುಬಳೆ ಬಹಳ ದಿನ ಗಂಟಲಲ್ಲೇ ಇತ್ತು. ಆಮೇಲೆ 1973ರ ಬೂಸಾ ಗಲಾಟೆ ಬಂತು. ಬಸವಲಿಂಗಪ್ಪನವರ ಒಂದು ಮಾತಿಗೆ ಹಾಸ್ಟೆಲ್ಲಿನ ನಮ್ಮ ಹುಡುಗರು ಏಟು ತಿಂದರು. ಭದ್ರಾವತಿಯ ಪ್ರೊಫೆಸರ್ ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ಕಟ್ಟಿದ ದಲಿತ ಸಂಘರ್ಷ ಸಮಿತಿ ನಮ್ಮ ಕಡೆಗೂ ಬಂತು. ಶಿಬಿರಗಳಲ್ಲಿ ಕೂತು ಜಾತಿ ಹೇಳಿಕೊಳ್ಳೋದಕ್ಕೆ ನಾಚಿಕೆಪಡಬೇಕಾದವರು ನಾವಲ್ಲ ಅಂತ ಕಲಿತಿದ್ದೆ. ಅವತ್ತು ತಲೆ ಎತ್ತಿ ಹೇಳಿದೆ:

‘ಆಚೆಗೆ ಸಾರ್. ನಾವು ಹೊಲೇರು.’

ಆತ ಕೋಪ ಮಾಡಿಕೊಳ್ಳಲಿಲ್ಲ. ‘ಓಹೋ, ಸಂತೋಷ. ಗಾಂಧೀಜಿ...’ ಅಂತ ಏನೋ ಅಂದರು, ಪೂರ್ತಿ ಮಾಡಲಿಲ್ಲ. ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿದರು. ಅಲ್ಲಿ ಕತ್ತಲೆ ಬಿಟ್ಟು ಇನ್ನೇನೂ ಇರಲಿಲ್ಲ. ಆಮೇಲೆ ಪಂಚೆ ಕೊಡವಿಕೊಂಡು ಎದ್ದರು. ಎದುರಿನ ಬೆಂಚಿನಲ್ಲಿ ಹೆಂಡತಿ ಮಲಗಿಯಾಗಿತ್ತು. ಉಳಿದ ಕಡೆ ಜನ ಕಿಕ್ಕಿರಿದಿದ್ದರು. ಕಣ್ಣು ಪೆಟ್ಟಿಗೆ ಮೇಲೆ ಬಿತ್ತು.

‘ಇದೇನ್ರೀ?’

‘ಸ್ಕೂಲ್ ಸಾಮಾನು ಸಾರ್. ಪಾಠೋಪಕರಣ.’

‘ವಿದ್ಯೆ ಸಾಮಾನು’ ಅಂದರು. ಚಪ್ಪಲಿ ಬಿಟ್ಟರು. ಬಗ್ಗಿ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅದರ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು.

ಗೆಳೆಯರೇ, ಆಗ ನಾನು ಹೇಳಬಹುದಾಗಿತ್ತು. ಹೇಳಬೇಕಾಗಿತ್ತು ಅಂತಲೂ ನೀವು ಅನ್ನಬಹುದು. ನಾನು ಹೇಳಲಿಲ್ಲ. ಜೀವಂತ ಇರೋ ನನ್ನ ಪಕ್ಕದಿಂದ ಎದ್ದು ಹೋಗಿ ಹೆಸರಿಲ್ಲದ ಹೆಣದ ಮೇಲೆ ಕೂತ ಮನುಷ್ಯನನ್ನು ನೋಡುತ್ತ ನನಗೆ ಒಳಗೊಳಗೇ ಖುಷಿಯಾಗಿಬಿಟ್ಟಿತ್ತು. ಗಾಡಿ ತುಮಕೂರು ದಾಟಿತು. ಗುಬ್ಬಿ ಹತ್ತಿರ ಹೆಂಡತಿ ಎದ್ದು ಬುತ್ತಿ ಬಿಚ್ಚಿದರು. ಆತ ಪೆಟ್ಟಿಗೆಯ ಒಂದು ತುದಿಗೆ ಸರಿದು, ಇನ್ನೊಂದು ತುದಿಯ ಮೇಲೆ ಬಾಳೆಲೆ ಹರಡಿ, ಎಲೆ ಸುತ್ತ ನೀರು ಕಟ್ಟಿ ಚಪಾತಿ ತಿಂದರು. ಹಳಿ ಬದಲಾದ ಕಡೆ ಒಳಗಿನಿಂದ ಲೊಟಲೊಟ ಸದ್ದು.

‘ಗಾಜಿನ ಸಾಮಾನೇನ್ರಿ?’

‘ಅಲ್ಲ ಸಾರ್.’

‘ಮತ್ತೆ?’

‘ಹಳೇ ಸಾಮಾನು.’

ತಿಪಟೂರು ಬರೋ ಹೊತ್ತಿಗೆ ಆತ ಶಾಲು ಹೊದ್ದು, ಪೆಟ್ಟಿಗೆ ಮೇಲೆ ಮುದುರಿಕೊಂಡು, ತಲೆಯನ್ನು ಕಿಟಕಿಗೆ ಕೊಟ್ಟು ಗೊರಕೆ ಹೊಡೆಯುತ್ತಿದ್ದರು. ಒಳಗೆ ಒಬ್ಬ, ಹೊರಗೆ ಒಬ್ಬ, ಇಬ್ಬರದೂ ಒಂದೇ ಭಂಗಿ. ಇಲ್ಲಿಯವರೆಗೆ ಹೇಳುವಾಗ ಎಲ್ಲರೂ ನಗುತ್ತಾರೆ. ಹಾರಿಸುತ್ತಿದ್ದ ಜಾಗ ಇನ್ನು ಮುಂದೆ.

ಗಾಡಿ ಅರಸೀಕೆರೆಯಲ್ಲಿ ನಿಂತಿತು. ದೊಡ್ಡ ಜಂಕ್ಷನ್ನು. ಮೈಸೂರಿನಿಂದ ಹಾಸನದ ಮೇಲೆ ಬರುವ ದಾರಿ 1918ರಲ್ಲಿ ಇಲ್ಲಿಗೆ ಬಂದು ಕೂಡಿತು. ಆ ದಾರಿಗೆ ಬಾಗೇಶಪುರದ ಕಡೆ ಮಣ್ಣು ಹೊತ್ತವನು ನನ್ನ ತಾತ ಅಂತ ಅಪ್ಪ ಹೇಳುತ್ತಿದ್ದ. ಟೈಮು ಬೇಕಾದಷ್ಟಿತ್ತು. ಮಾಡಬೇಕಾಗಿದ್ದದ್ದು ಒಂದೇ: ಮಲಗಿದವರನ್ನು ಅಲುಗಿಸಿ ಎಬ್ಬಿಸೋದು.

‘ಸಾರ್, ಅರಸೀಕೆರೆ ಬಂತು’ ಅಂದೆ. ಏಳಲಿಲ್ಲ. ಜೋರಾಗಿ ‘ಸಾರ್’ ಅಂದೆ. ಗೊರಕೆ. ಭುಜ ಹಿಡಿದು ಅಲುಗಿಸಬೇಕು ಅಂತ ಕೈ ಚಾಚಿದೆ. ಕೈ ಒಂದು ಗೇಣು ಹೋಯಿತು, ನಿಂತಿತು. ಮುಂದಕ್ಕೆ ಹೋಗಲಿಲ್ಲ. ನಾನು ನಿಲ್ಲಿಸಲಿಲ್ಲ, ಅದೇ ನಿಂತಿತು. ‘ಸ್ವಾಮೀ’ ಅಂದೆ. ‘ಸ್ವಾಮೀ, ಸ್ವಲ್ಪ ಏಳಿ ಸ್ವಾಮೀ.’ ಪ್ಲಾಟ್‌ಫಾರಮ್ಮಿನಲ್ಲಿ ಕಾಫಿ ಮಾರುವವನು ಕೂಗುತ್ತ ಮುಂದಕ್ಕೆ ಹೋದ, ತಿರುಗಿ ಹಿಂದಕ್ಕೆ ಬಂದ. ಮತ್ತೆ ಕೈ ಚಾಚಿದೆ. ಅಷ್ಟೇ ದೂರಕ್ಕೆ ಮತ್ತೆ ನಿಂತಿತು. ಆಗ ನನ್ನ ಬಾಯಿಂದ ಒಂದು ಮಾತು ಬಂತು.

‘ಬುದ್ಧೀ.’

ಅದು ನನ್ನ ಮಾತಲ್ಲ. ಅಪ್ಪನ ಮಾತು. ಗೌಡರ ಜಗಲಿ ಕೆಳಗೆ, ಬೀದಿಯಲ್ಲಿ ನಿಂತು, ಟವಲನ್ನು ಕಂಕುಳಲ್ಲಿಟ್ಟುಕೊಂಡು ಅಪ್ಪ ಕೂಗುತ್ತಿದ್ದ ಮಾತು. ಚಿಕ್ಕಂದಿನಲ್ಲಿ ಅದನ್ನು ಕೇಳಿ ಹೊಟ್ಟೆ ಉರಿಯುತ್ತಿತ್ತು. ಓದಿ, ಬಿ.ಎಡ್. ಮಾಡಿ, ಶಿಬಿರದಲ್ಲಿ ಕೂತು, ಮೂರು ಗಂಟೆ ಹಿಂದೆ ‘ನಾವು ಹೊಲೇರು’ ಅಂತ ಎದೆ ಎತ್ತಿ ಹೇಳಿದ ಅದೇ ಬಾಯಿಂದ ಅದು ಬಂತು. ಅದೂ ಮಲಗಿ ಗೊರಕೆ ಹೊಡೆಯುತ್ತಿದ್ದ ಮನುಷ್ಯನ ಮುಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ. 1955ರ ಅಸ್ಪೃಶ್ಯತಾ ಕಾಯ್ದೆಗೆ 1976ರಲ್ಲಿ ಹೆಸರು ಬದಲಾಯಿಸಿ ನಾಗರಿಕ ಹಕ್ಕುಗಳ ಸಂರಕ್ಷಣೆ ಅಂತ ಇನ್ನಷ್ಟು ಬಿಗಿ ಮಾಡಿದರಲ್ಲ, ಅದರ ಯಾವ ಕಲಮೂ ಆ ಒಂದು ಗೇಣಿನೊಳಕ್ಕೆ ಬರಲಿಲ್ಲ.

ಗಾಡಿ ಸೀಟಿ ಹಾಕಿತು. ನನ್ನ ಮೇಲೆ ನನಗೇ ಬಂದ ಸಿಟ್ಟಿನಲ್ಲಿ ಪೆಟ್ಟಿಗೆಯ ಹಗ್ಗ ಹಿಡಿದು ಜೋರಾಗಿ ಎಳೆದೆ. ಮನುಷ್ಯನನ್ನು ಮುಟ್ಟಲಾರದವನು ಪೆಟ್ಟಿಗೆಯನ್ನು ಎಳೆದೆ. ಆತ ದಬಾರನೆ ಕೆಳಗೆ ಬಿದ್ದರು. ಕಣ್ಣು ಬಿಡುವುದರೊಳಗೇ ‘ಕಳ್ಳ! ಕಳ್ಳ!’ ಅಂತ ಕಿರುಚಿದರು.

ಮುಂದಿನದು ಬೇಗ ಬೇಗ ನಡೆಯಿತು. ಇಬ್ಬರು ನನ್ನ ರಟ್ಟೆ ಹಿಡಿದರು. ಮೂರನೆಯವನು ಕೊರಳಪಟ್ಟಿ ಹಿಡಿದ. ಪೆಟ್ಟಿಗೆ ನಂದು ಅಂದರೆ ಯಾರೂ ಕೇಳಲೊಲ್ಲರು. ಪೆಟ್ಟಿಗೆ ಆ ಹಿರಿಯರದು, ಅವರು ಬೆಂಗಳೂರಿಂದಲೂ ಅದರ ಮೇಲೇ ಕೂತಿದ್ದನ್ನು ಎಲ್ಲರೂ ನೋಡಿದ್ದಾರೆ! ಗಾಡಿ ಅರಸೀಕೆರೆ ಬಿಟ್ಟಿತು. ‘ನಿಂದಾದ್ರೆ ಒಳಗೇನೈತೆ ಹೇಳು’ ಅಂದ ಒಬ್ಬ. ಹೇಳಿದೆ. ‘ಸುಳ್ಳು ಬೇರೆ ಹೇಳ್ತಾನೆ’ ಅಂತ ಒಂದು ಬಿಟ್ಟ. ಯಾರೋ ಕಬ್ಬಿಣದ ಸಲಾಕೆ ತಂದು ಮುಚ್ಚಳ ಮೀಟಿದರು. ಗಾಡಿ ತಿರುವಿನಲ್ಲಿ ವಾಲಿದ್ದಕ್ಕೆ ಹತ್ತಿ ಸುತ್ತಿದ ಬುರುಡೆ ಉರುಳಿ ಬಂದು ಬೆಂಚಿನ ಕಾಲಿಗೆ ತಗುಲಿ ನಿಂತಿತು. ಹತ್ತಿ ಬಿಚ್ಚಿಕೊಂಡಿತ್ತು.

ನನ್ನ ಕೊರಳಪಟ್ಟಿ ಹಿಡಿದಿದ್ದವನು ಎಲ್ಲಿ ಹೋದನೋ ಕಾಣೆ. ಡಬ್ಬಿಯ ಆ ಅರ್ಧದಲ್ಲಿದ್ದವರೆಲ್ಲ ಈ ಅರ್ಧಕ್ಕೆ ಬಂದರು. ಜಾಗಕ್ಕೆ ಜಗಳ ಆಡುತ್ತಿದ್ದ ಡಬ್ಬಿಯಲ್ಲಿ ನನಗೊಬ್ಬನಿಗೆ ಎರಡು ಬೆಂಚು ಖಾಲಿಯಾದವು. ಆಗ ಮೊದಲು ನಕ್ಕವರು ಆತನ ಹೆಂಡತಿ. ‘ಅಯ್ಯೋ, ಅದರ ಮೇಲೆ ಎಲೆ ಹಾಕ್ಕೊಂಡು ಊಟ ಮಾಡಿದ್ರಲ್ರೀ!’ ಅಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಕ್ಕರು, ಕಣ್ಣಲ್ಲಿ ನೀರು ಬಂತು. ಗಂಡನ ಮುಖ ನೋಡಿದರೆ ಮತ್ತಷ್ಟು ನಗು. ಆತ ಬಾಣಾವರದಲ್ಲಿ ಗಾಡಿ ನಿಂತ ಕೂಡಲೇ ಇಳಿದು ಪ್ಲಾಟ್‌ಫಾರಮ್ಮಿನ ನಲ್ಲಿ ಕೆಳಗೆ, ಆ ಚಳಿಯಲ್ಲಿ, ಶಾಲು ಸಮೇತ ತಲೆ ಕೊಟ್ಟು ಕೂತುಬಿಟ್ಟರು. ಗಾಡಿ ಹೊರಟಾಗ ತೊಟ್ಟಿಕ್ಕುವ ಪಂಚೆ ಎತ್ತಿ ಹಿಡಿದು ಓಡಿ ಬಂದು ಹತ್ತಿದರು. ಅವರ ತಂಬಿಗೆ ಬಾಣಾವರದಲ್ಲೇ ಉಳಿಯಿತು.

ಬಾಣಾವರದಲ್ಲಿ ನಾನೂ ಇಳಿಯಬಹುದಿತ್ತು. ಬಿಡಲಿಲ್ಲ. ಕೊಲೆ ಕೇಸು ಇರಬಹುದು, ದೊಡ್ಡ ಸ್ಟೇಷನ್ನಿನಲ್ಲಿ ಪೊಲೀಸಿಗೆ ಒಪ್ಪಿಸಬೇಕು ಅಂತ ದೂರದಿಂದಲೇ ತೀರ್ಮಾನ ಮಾಡಿದರು. ನನ್ನನ್ನು ಇಳಿಸಿದ ಸ್ಟೇಷನ್ನಿನ ಹೆಸರು ಬೇಡ, ಅಲ್ಲಿ ಈಗಿರುವವರು ಯಾಕೆ ಬೇಜಾರು ಮಾಡಿಕೊಳ್ಳಬೇಕು. ಇಳಿಯುವಾಗ ಆ ಹೆಂಗಸು ಎರಡು ಬಾಳೆಹಣ್ಣು ಕೊಟ್ಟರು. ಮೇಲಿನಿಂದ ಹಾಕಲಿಲ್ಲ, ಕೈಗೇ ಕೊಟ್ಟರು. ಇದನ್ನು ಬರೆಯದಿದ್ದರೆ ಅನ್ಯಾಯ.

ಕಾನ್‌ಸ್ಟೇಬಲ್ಲು ನಿದ್ದೆಗಣ್ಣಿನಲ್ಲಿ ಪುಸ್ತಕ ತೆಗೆದ.

‘ಸತ್ತೋನ ಹೆಸರು?’

‘ಗೊತ್ತಿಲ್ಲ ಸಾರ್.’

‘ಊರು?’

‘ಗೊತ್ತಿಲ್ಲ.’

‘ಜಾತಿ?’

‘ನಂದಾ ಸಾರ್, ಅವಂದಾ?’

‘ಹೆಣ ಯಾವುದು ಅಂತ್ಲೇ ಗೊತ್ತಿಲ್ದೆ ಹೊತ್ಕೊಂಡ್ ಹೊಂಟಿದೀಯಲ್ಲಯ್ಯ!’

‘ಹೆಣ ಅಲ್ಲ ಸಾರ್. ಪಾಠೋಪಕರಣ. ಬಿಲ್ಲೈತೆ.’

ಬಿಲ್ಲು ಓದಿದ ಮೇಲೆ ಅವನಿಗೂ ನಗು ಬಂತು. ಆದರೆ ಲಗೇಜು ಬುಕ್ ಆಗಿರಲಿಲ್ಲ, ಅರಸೀಕೆರೆಯಿಂದ ಮುಂದಕ್ಕೆ ಟಿಕೆಟ್ಟೂ ಇರಲಿಲ್ಲ. ದಂಡ ಸೇರಿ 11 ರೂಪಾಯಿ 40 ಪೈಸೆ ಕಟ್ಟಿ ರಸೀತಿ ತಗೊಂಡೆ. ಬೆಳಗಿನ ಗಾಡಿಗೆ ಕಾಯುತ್ತ ಪ್ಲಾಟ್‌ಫಾರಮ್ಮಿನಲ್ಲಿ ಪೆಟ್ಟಿಗೆ ಮೇಲೆ ನಾನೇ ಕೂತೆ. ಬೇರೆ ಜಾಗ ಇರಲಿಲ್ಲ ಅಂತಲ್ಲ.

ರೈಲಿನಿಂದ ಇಳಿಸಿದ ಕತೆ ಅಂದರೆ ನಮ್ಮ ಪಠ್ಯದಲ್ಲಿರೋದು ಗಾಂಧೀಜಿಯದು, 1893, ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್. ಅದನ್ನು ನಾನೇ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅಂಬೇಡ್ಕರರ ರೈಲಿನ ಕತೆಗಳು ಯಾವ ಪಠ್ಯದಲ್ಲೂ ನನಗೆ ಸಿಗಲಿಲ್ಲ. ‘ವೇಟಿಂಗ್ ಫಾರ್ ಎ ವೀಸಾ’ ಅಂತ ಅವರು ಬರೆದಿಟ್ಟ ಪುಟಗಳು 1990ರಲ್ಲಿ ಪುಸ್ತಕವಾದವು. ಆಮೇಲೆ ಓದಿದೆ. 1901ರಲ್ಲಿ ಹುಡುಗ ಭೀಮರಾವ್ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಸಾತಾರದಿಂದ ಅಪ್ಪನನ್ನು ನೋಡಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದ. ಹೊಸ ಬಟ್ಟೆ ಹಾಕಿದ ಮಕ್ಕಳು. ಸ್ಟೇಷನ್ ಮಾಸ್ಟರು ಪ್ರೀತಿಯಿಂದಲೇ ವಿಚಾರಿಸಿದ, ಮಹಾರರು ಅಂತ ತಿಳಿದ ಕೂಡಲೇ ಅವನ ಮುಖ ಬೇರೆಯಾಯಿತು. ಗಾಡಿಯವರು ಯಾರೂ ಬರಲಿಲ್ಲ. ಕಡೆಗೆ ಒಬ್ಬ ಒಪ್ಪಿದ: ಎರಡರಷ್ಟು ಬಾಡಿಗೆ, ಗಾಡಿ ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಗಾಡಿ ಅವನದು, ಎತ್ತು ಅವನದು, ನಡೆಯುವವನೂ ಅವನೇ! ಈ ಕಡೆ ಮಕ್ಕಳಿಗೆ ರಾತ್ರಿಯೆಲ್ಲ ಕುಡಿಯಲು ನೀರು ಸಿಗಲಿಲ್ಲ.

ಇನ್ನೊಂದು 1929ರದು, ಅದು ನನ್ನ ಹಾಗೆಯೇ ಸರ್ಕಾರಿ ಕೆಲಸದ ಪ್ರಯಾಣ. ಅಸ್ಪೃಶ್ಯರ ಕಷ್ಟಸುಖ ವಿಚಾರಿಸಲು ಮುಂಬಯಿ ಸರ್ಕಾರವೇ ನೇಮಿಸಿದ ಸಮಿತಿಯ ಸದಸ್ಯರಾಗಿ ಹೋದವರು ಚಾಳೀಸಗಾಂವಿನಲ್ಲಿ ರೈಲು ಇಳಿದರು. ಟಾಂಗಾ ಬರಲು ಒಂದು ಗಂಟೆ ಹಿಡಿಯಿತು. ಟಾಂಗಾದವನು ಮಹಾರನನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಿರಲಿಲ್ಲ. ಅತಿಥಿಯ ಮರ್ಯಾದೆ ಉಳಿಯಲಿ ಅಂತ ಟಾಂಗಾ ಹೊಡೆದು ಗೊತ್ತೇ ಇಲ್ಲದ ಒಬ್ಬ ಮಹಾರ ಹುಡುಗ ಲಗಾಮು ಹಿಡಿದ. ಸೇತುವೆ ಮೇಲೆ ಚಕ್ರ ಸಿಕ್ಕಿಕೊಂಡು ಕುದುರೆ, ಗಾಡಿ ಹೊಳೆಗೆ ಬಿದ್ದವು. ಇವರು ಕಲ್ಲಿನ ಮೇಲೆ ಎಸೆಯಲ್ಪಟ್ಟು ಕಾಲು ಮುರಿದುಕೊಂಡರು. ಇಂಗ್ಲೆಂಡು ಅಮೆರಿಕದಲ್ಲಿ ಓದಿ ಬಂದ ಬ್ಯಾರಿಸ್ಟರು ಅವರು. ಅದನ್ನು ಓದಿದ ದಿನ ನನಗೆ ನೆನಪಾದದ್ದು ಟಾಂಗಾದವನಲ್ಲ, ಆ ಮಹಾರ ಹುಡುಗ. ಅವನಿಗಾದರೂ ಕೈ ಮುಂದೆ ಹೋಗಿತ್ತು.

ಅರಸೀಕೆರೆಗೆ ವಾಪಸು ಬಂದು, ಬಸ್ಸಿನ ಟಾಪಿಗೆ ಪೆಟ್ಟಿಗೆ ಏರಿಸಿ, ಹ್ಯಾಂಡ್‌ಪೋಸ್ಟಿನಲ್ಲಿ ಇಳಿಸಿ, ಅಲ್ಲಿಂದ ಕೊಬ್ಬರಿ ಚೀಲದ ಎತ್ತಿನಗಾಡಿಯಲ್ಲಿ ಊರು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಭಾನುವಾರ. ಸ್ಕೂಲಿಗೆ ಬೀಗ. ಪೆಟ್ಟಿಗೆಯನ್ನು ಮನೆಗೇ ತರಬೇಕಾಯಿತು.

ಅವ್ವ ಬಾಗಿಲಲ್ಲೇ ತಡೆದಳು. ‘ಏನ್ ಮಗ ಅದು?’ ಹೇಳಿದೆ. ಅವಳು ಕಿರುಚಲಿಲ್ಲ, ಓಡಲಿಲ್ಲ. ‘ಗಂಡೋ ಹೆಣ್ಣೋ?’ ಅಂದಳು.

‘ಗಂಡು.’

‘ಅವರ ಜನ ಮಣ್ಣು ಮಾಡ್ಲಿಲ್ವಾ?’

‘ಯಾರೂ ಇರ್ಲಿಲ್ವಂತೆ.’

‘ಯಾವ ತಾಯಿ ಹೆತ್ತ ಕೂಸೋ’ ಅಂದು ಒಳಗೆ ಹೋಗಿ ಒಂದು ಚೆಂಬು ನೀರು ತಂದು ಪೆಟ್ಟಿಗೆ ಹತ್ತಿರ ಇಟ್ಟಳು. ದೀಪ ಹಚ್ಚಿದಳು. ಅಪ್ಪ ಸಂಜೆ ಬಂದವನು ಮುಚ್ಚಳ ತೆಗೆಸಿದ. ಕುಕ್ಕರುಗಾಲಲ್ಲಿ ಕೂತು ಬುರುಡೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡ. ಹಳೇ ಗುಂಡಿ ತೆಗೆಯುವಾಗ ಎಷ್ಟೋ ನೋಡಿದ ಕೈ ಅದು. ಬೆಳಕಿಗೆ ಹಿಡಿದು ಹಲ್ಲು ನೋಡಿದ.

‘ವಯಸ್ಸಾಗಿಲ್ಲ ಕಣ್ಲಾ. ಹಲ್ಲು ಸವ್ದಿಲ್ಲ. ಎಲೆಅಡಿಕೆ ಕರೆ ಐತೆ ನೋಡು.’ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಇವನ ಸಾವು ಯಾರೂ ಹೇಳ್ಕಂಡ್ ಬಂದಿಲ್ಲ’ ಅಂದ.

ರಾತ್ರಿ ಊಟ ಮಾಡುವಾಗ ರೈಲಿನ ಕತೆ ಹೇಳಿದೆ. ಬಾಣಾವರದ ನಲ್ಲಿ ಹತ್ತಿರ ಬಂದಾಗ ಅವ್ವ ತುತ್ತು ಗಂಟಲಿಗೆ ಸಿಕ್ಕಿಕೊಳ್ಳೋ ಹಾಗೆ ನಕ್ಕಳು. ಅಪ್ಪ ನಗಲಿಲ್ಲ. ‘ಅದ್ಯಾಕ್ಲಾ, ಅಲುಗಿಸಿ ಎಬ್ಬಿಸ್ಬಾರ್ದಾಗಿತ್ತಾ?’ ಅಂದ. ನಾನು ತಟ್ಟೆ ನೋಡಿದೆ. ಅವನೂ ಮತ್ತೆ ಕೇಳಲಿಲ್ಲ.

ಸೋಮವಾರ ಸ್ಕೂಲಿನಲ್ಲಿ ಮೂಳೆಗಳನ್ನು ವಿಜ್ಞಾನದ ಕೊಠಡಿಯ ಮೂಲೆಯಲ್ಲಿ ಕೊಕ್ಕೆಗೆ ನೇತುಹಾಕಿದೆವು. ವಿಜ್ಞಾನದ ಮೇಷ್ಟ್ರು ಆರಡಿ ಉದ್ದದ ಬಿದಿರುಕೋಲು ಮಾಡಿಸಿಕೊಂಡರು, ತೋರಿಸಿ ಪಾಠ ಮಾಡಲು. ಒಂದು ವಾರಕ್ಕೆ ಧೂಳು ಕೂತಿತು. ಯಾರು ಒರೆಸೋದು? ‘ನಿಮ್ ಕಡೆ ಹುಡುಗರಿಗೆ ಹೇಳಿ’ ಅಂದರು. ಈ ಸಲ ನಾನು ಸುಮ್ಮನಿರಲಿಲ್ಲ. ಹಾಜರಿ ಪುಸ್ತಕದ ನಂಬರಿನ ಪ್ರಕಾರ ದಿನಕ್ಕೊಬ್ಬರು ಒರೆಸಲಿ, ಇಲ್ಲದಿದ್ದರೆ ಯಾರೂ ಬೇಡ ಅಂದೆ. ಸ್ಟಾಫ್ ರೂಮಿನಲ್ಲಿ ಎರಡು ದಿನ ಜಗಳ ಆಯಿತು. ಪೋಷಕರು ಗಲಾಟೆ ಮಾಡುತ್ತಾರೆ ಅಂದರು. ಒಂದಿಬ್ಬರು ಬಂದರು ಕೂಡ. ಹೆಡ್‌ಮಾಸ್ಟರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡು, ನಂಬರಿನ ಪ್ರಕಾರವೇ ಆಗಲಿ ಅಂದರು. ಒಂದನೇ ನಂಬರಿನ ಹುಡುಗಿ ಊರೊಳಗಿನವಳು. ಬಟ್ಟೆ ತಗೊಂಡು ಹೋಗಿ, ಮೊದಲು ಅದರ ಬಲಗೈ ಹಿಡಿದು ಕುಲುಕಿ ‘ಗುಡ್ ಮಾರ್ನಿಂಗ್ ಸಾರ್’ ಅಂದಳು. ಕ್ಲಾಸೆಲ್ಲ ಹೋ ಅಂತ ನಕ್ಕಿತು. ಎಷ್ಟು ಸಲೀಸಾಗಿ ಹೋಯಿತು ಆ ಕೈ ಅಂತ ನಾನು ಬಾಗಿಲಲ್ಲಿ ನಿಂತು ನೋಡಿದೆ.

ಈಗ ಆ ದಾರಿ ಬ್ರಾಡ್‌ಗೇಜ್ ಆಗಿ ಬಹಳ ವರ್ಷವಾಯಿತು. ಡಬ್ಬಿಗಳು ಅಗಲವಾಗಿವೆ.

ಟಿ.ಎ. ಬಿಲ್ಲಿನ ವಿಚಾರ ಬಾಕಿ ಇದೆ. ಅರಸೀಕೆರೆಯಿಂದ ಮುಂದಿನ ಪ್ರಯಾಣ, ದಂಡ, ವಾಪಸು ಟಿಕೆಟ್ಟು ಎಲ್ಲ ರಸೀತಿ ಲಗತ್ತಿಸಿ ಕಳಿಸಿದ್ದೆ. ಮೂರು ತಿಂಗಳಿಗೆ ವಾಪಸು ಬಂತು. ಕೆಂಪು ಶಾಯಿಯಲ್ಲಿ ಆಕ್ಷೇಪಣೆ: ‘ನೌಕರರು ಅರಸೀಕೆರೆಯಲ್ಲಿ ಇಳಿಯದೆ ಮುಂದಕ್ಕೆ ಪ್ರಯಾಣಿಸಿದ ಕಾರಣ ವಿವರಿಸತಕ್ಕದ್ದು.’ ಎರಡು ದಿನ ಕಾಗದ ಮುಂದಿಟ್ಟುಕೊಂಡು ಕೂತೆ. ಪೆಟ್ಟಿಗೆ ಭಾರ ಅಂತ ಬರೆದು ಹೊಡೆದುಹಾಕಿದೆ. ನಿದ್ದೆ ಬಂದಿತ್ತು ಅಂತ ಬರೆದು ಹೊಡೆದುಹಾಕಿದೆ. ಕೊನೆಗೆ ಬರೆದೆ: ‘ಪೆಟ್ಟಿಗೆಯ ಮೇಲೆ ಮಲಗಿದ್ದವರನ್ನು ಮುಟ್ಟಿ ಎಬ್ಬಿಸಲು ಸಾಧ್ಯವಾಗದ ಕಾರಣ.’

ವಿವರಣೆ ಸಮಂಜಸವಾಗಿಲ್ಲ ಅಂತ ಬರೆದು ಆ ಮೊತ್ತವನ್ನು ವಜಾ ಮಾಡಿದರು.